ಸಾಕಿದ ಇಗ್ವಾನಗಳ ವಾಸವ್ಯವಸ್ಥೆ: ಒಂದು ಚಾರಿತ್ರಿಕ ವಿವೇಚನೆ

ಮನುಷ್ಯನು ಪ್ರಾಣಿಗಳನ್ನು ಸಾಕಿದ ಚರಿತ್ರೆಯು ಬಹುಮಟ್ಟಿಗೆ ಬಿಸಿನೆತ್ತರಿನ ಪ್ರಾಣಿಗಳ ಚರಿತ್ರೆಯೇ ಆಗಿದೆ. ಕನ್ನಡದಲ್ಲಿ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿಯೇ ದನಗಳ ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ವನ್ನು ಬರೆದನು, ಕುದುರೆ, ಆನೆಗಳನ್ನು ಕುರಿತ ಶಾಸ್ತ್ರಗ್ರಂಥಗಳು ನಮ್ಮ ದೇಶದಲ್ಲಿ ಹೇರಳವಾಗಿವೆ. ಆದರೆ ಹಲ್ಲಿ, ಹಾವು, ಆಮೆಗಳನ್ನು ಹೇಗೆ ಬದುಕಿಸಿಕೊಳ್ಳಬೇಕೆಂಬ ವಿಚಾರವು ಹೊಸಕಾಲದ್ದು. ಅದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ. ಲಾಯವಾಗಲಿ ಕೊಟ್ಟಿಗೆಯಾಗಲಿ ಪ್ರಾಣಿಯು ಓಡಿಹೋಗದಂತೆ, ಮಳೆಗಾಳಿಗೆ ಸಿಕ್ಕದಂತೆ ತಡೆದರೆ ಸಾಕು. ಬೇಕಾದ ಶಾಖವನ್ನು ಪ್ರಾಣಿಯ ಮೈಯೇ ಹುಟ್ಟಿಸಿಕೊಳ್ಳುತ್ತದೆ. ಸರೀಸೃಪದ ವಿಷಯ ಹಾಗಲ್ಲ. ಅದರ ಮೈಯ ಬಿಸಿಯು ಹೊರಗಿನಿಂದ ಬರಬೇಕು. ಆದಕಾರಣ ಅದನ್ನು ಸಾಕಹೊರಟವನು ಕಟ್ಟುವ ಮನೆಯು ಬರಿಯ ಮನೆಯಲ್ಲ, ಆ ಪ್ರಾಣಿಯ ಶರೀರವ್ಯಾಪಾರದ ಒಂದು ಅಂಗವೇ ಆಗಿರುತ್ತದೆ. ಈ ಮಾತು ಇಂದು ಸಾಮಾನ್ಯವಾಗಿ ತೋರಬಹುದು. ಆದರೆ ಯುರೋಪಿನವರಿಗೆ ಇದು ಮನದಟ್ಟಾಗಲು ನಾಲ್ಕು ನೂರು ವರ್ಷಗಳು ಹಿಡಿದುವು. ಆ ಅವಧಿಯಲ್ಲಿ ಸತ್ತ ಪ್ರಾಣಿಗಳಿಗೆ ಲೆಕ್ಕವಿಲ್ಲ. ದೊಡ್ಡ ಹಲ್ಲಿಗಳ, ಅದರಲ್ಲಿಯೂ ಇಗ್ವಾನದ, ವಾಸವ್ಯವಸ್ಥೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಚರಿತ್ರೆಯ ಕೆಲವು ಘಟ್ಟಗಳನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಇಗ್ವಾನವನ್ನು ಕಾಣದ ವಾಚಕರಿಗೆ ನಮ್ಮ ನಾಡಿನ ಉಡವು ನೆನಪಿಗೆ ಬರುವುದು ಸಹಜ. ಗಾತ್ರದಲ್ಲಿ ಎರಡಕ್ಕೂ ಹೋಲಿಕೆಯುಂಟು, ನಡತೆಯಲ್ಲಿ ಇಲ್ಲ. ಉಡವು ಮಾಂಸಾಹಾರಿ, ನೆಲದ ಮೇಲೆ ಅಲೆದು ಬೇಟೆಯಾಡತಕ್ಕದ್ದು. ಹಸಿರು ಇಗ್ವಾನವು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ನಡುಭಾಗದವರೆಗೆ ಹೊಳೆಯ ದಡದ ಮರಗಳಲ್ಲಿ ವಾಸಿಸುತ್ತ ಎಲೆ, ಹೂವು, ಹಣ್ಣುಗಳನ್ನು ತಿಂದು ಜೀವಿಸುತ್ತದೆ. ಬೆಳೆದ ಗಂಡು ಬಾಲವೂ ಸೇರಿ ಒಂದೂವರೆ ಮೀಟರಿಗೂ ಮೀರಿ ಇರುವುದುಂಟು; ಅದರಲ್ಲಿ ಬಾಲವೇ ಹೆಚ್ಚು ಪಾಲು. ಹೆಸರು ಕೆರಿಬಿಯನ್ ದ್ವೀಪಗಳ ಟೈನೊ ಜನರ ಮಾತಿನಿಂದ ಸ್ಪ್ಯಾನಿಷ್ ಭಾಷೆಗೆ ಬಂದುದು. ಲಿನೇಯಸನು 1758ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣವನ್ನು ಮಾಡಿದನು.

ಯುರೋಪಿನ ವಾಚಕರಿಗೆ ಈ ಪ್ರಾಣಿಯನ್ನು ಮೊದಮೊದಲು ಪರಿಚಯ ಮಾಡಿಕೊಟ್ಟವರಲ್ಲಿ ಸ್ಪೇನಿನ ಚರಿತ್ರಕಾರ ಗೊನ್ಸಾಲೊ ಫರ್ನಾಂಡೆಸ್ ದೆ ಒವಿಯೇದೊ ಮುಖ್ಯನು. ಅವನ ಸಂಗ್ರಹಗ್ರಂಥವು 1526ರಲ್ಲಿಯೂ ದೊಡ್ಡ ಚರಿತ್ರೆಯ ಮೊದಲ ಭಾಗವು 1535ರಲ್ಲಿಯೂ ಪ್ರಕಟವಾದುವು. ಇಗ್ವಾನವು ಮಾಂಸವೋ ಮೀನೋ, ಉಪವಾಸದ ದಿನಗಳಲ್ಲಿ ಅದನ್ನು ತಿನ್ನಬಹುದೋ ಕೂಡದೋ ಎಂಬುದು ಆ ಕಾಲದ ಕ್ರೈಸ್ತರಿಗೆ ದೊಡ್ಡ ಪ್ರಶ್ನೆಯಾಗಿತ್ತು. ಒವಿಯೇದೊ ಅದನ್ನು ಚರ್ಚಿಸಿದ್ದಾನೆ. ಆದರೆ ನಮಗೆ ಹೆಚ್ಚು ಪ್ರಯೋಜನವುಳ್ಳದ್ದು ಅವನು ಮಾಡಿದ ಒಂದು ಪ್ರಯೋಗ. ಸೆರೆಹಿಡಿದ ಇಗ್ವಾನವು ಏನನ್ನೂ ತಿನ್ನದೆ ಬಹುದಿನ ಬದುಕಿರುವುದನ್ನು ಅವನು ಕಂಡನು. ಅದು ಮಣ್ಣನ್ನು ತಿನ್ನುತ್ತದೆಂಬ ಮಾತನ್ನು ನಂಬಿದನು. ವೆನಿಸ್ ನಗರದಲ್ಲಿದ್ದ ತನ್ನ ಮಿತ್ರ ರಾಮೂಸಿಯೊ ಎಂಬ ವಿದ್ವಾಂಸನಿಗೆ ಒಂದು ಜೀವಂತ ಪ್ರಾಣಿಯನ್ನು ಕಳುಹಿಸುವಾಗ, ದಾರಿಯ ಬುತ್ತಿಗೆಂದು ಪೀಪಾಯಿಯಲ್ಲಿ ಮಣ್ಣನ್ನು ತುಂಬಿಸಿಕೊಟ್ಟನು. ಪ್ರಾಣಿಯು ಸಮುದ್ರಮಧ್ಯದಲ್ಲಿಯೇ ಸತ್ತಿತು.

ಇದನ್ನು ಓದಿ ನಗುವುದು ಸುಲಭ. ಆದರೆ ಒವಿಯೇದೊವಿನ ಅವಲೋಕನವು ತಪ್ಪಲ್ಲ, ಅನುಮಾನವು ಮಾತ್ರ ತಪ್ಪು. ಕಟ್ಟಿಹಾಕಿದ, ತನ್ನ ಇಷ್ಟದಂತೆ ಬಿಸಿಲಿಗೂ ನೆರಳಿಗೂ ಹೋಗಲಾರದ ಹಲ್ಲಿಯು ಆಹಾರವನ್ನು ಮುಟ್ಟದಿರುವುದು ಇಂದಿಗೂ ಸಾಕುವವರೆಲ್ಲರ ಅನುಭವ. ಅವನು ಊಟವನ್ನು ಕುರಿತು ಕೇಳಿಕೊಂಡ ಪ್ರಶ್ನೆಯನ್ನು ಮನೆಯನ್ನು ಕುರಿತು ಕೇಳಿಕೊಳ್ಳಬೇಕಾಗಿತ್ತು. ಹಾಗೆ ಕೇಳಿಕೊಳ್ಳಲು ಬೇಕಾದ ಸಾಮಗ್ರಿಯು ಹದಿನಾರನೆಯ ಶತಮಾನದಲ್ಲಿ ಯಾರಲ್ಲಿಯೂ ಇರಲಿಲ್ಲವೆಂಬುದನ್ನೂ ಒಪ್ಪಬೇಕು.

ಮುಂದಿನ ಮುನ್ನೂರು ವರ್ಷಗಳಲ್ಲಿ ಹೇಳತಕ್ಕ ಸಂಗತಿಗಳು ಹೆಚ್ಚಿಲ್ಲ. ಹಡಗುಗಳಲ್ಲಿ ಬಂದ ಸರೀಸೃಪಗಳು ಬಹುಮಟ್ಟಿಗೆ ಮದ್ಯಸಾರದ ಸೀಸೆಗಳನ್ನು ಸೇರಿ ವರ್ಗೀಕರಣಶಾಸ್ತ್ರಕ್ಕೆ ಉಪಕಾರ ಮಾಡಿದುವು. ಪರಿಸ್ಥಿತಿಯು ಬದಲಾದುದು ಗಾಜಿನಿಂದ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆಯು 1845ರಲ್ಲಿ ರದ್ದಾಯಿತು. ಕ್ಯೂ ಉದ್ಯಾನದ ತಾಳೆಮನೆಯು 1848ರಲ್ಲಿ ಪೂರ್ಣವಾಯಿತು. ಉಷ್ಣವಲಯದ ಗಿಡಮರಗಳನ್ನು ಗಾಜಿನಡಿಯಲ್ಲಿ, ಬಿಸಿನೀರಿನ ಕೊಳವೆಗಳ ಶಾಖದಲ್ಲಿ ಉಳಿಸಬಹುದಾದರೆ ಉಷ್ಣವಲಯದ ಪ್ರಾಣಿಗಳನ್ನು ಏಕೆ ಉಳಿಸಬಾರದು? 1849ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘವು ರೀಜೆಂಟ್ಸ್ ಪಾರ್ಕಿನ ತನ್ನ ಉದ್ಯಾನದಲ್ಲಿ ಸರೀಸೃಪಗಳಿಗಾಗಿಯೇ ಒಂದು ಮನೆಯನ್ನು ತೆರೆಯಿತು. ಸಾರ್ವಜನಿಕ ಪ್ರಾಣಿಸಂಗ್ರಹಾಲಯಗಳಲ್ಲಿ ಈ ಬಗೆಯದು ಅದೇ ಮೊದಲನೆಯದೆಂದು ಎಣಿಕೆ. 1852ರ ಅಕ್ಟೋಬರಿನಲ್ಲಿ ಅಲ್ಲಿಯ ಕಾವಲುಗಾರನೊಬ್ಬನು ನಾಗರಹಾವಿನಿಂದ ಕಚ್ಚಿಸಿಕೊಂಡು ಸತ್ತುದರಿಂದ ಆ ಮನೆಯ ಹೆಸರು ಪತ್ರಿಕೆಗಳಲ್ಲೆಲ್ಲ ಹರಡಿತು. ಬಳಿಕ 1883ರಲ್ಲಿ ಇನ್ನೂ ವಿಶಾಲವಾದ ಎರಡನೆಯ ಮನೆಯು ಎದ್ದಿತು.

ಈ ಮನೆಗಳ ಹಿಂದಿದ್ದ ತತ್ತ್ವವು ತೋಟಗಾರನದು. ಉಷ್ಣವಲಯವೆಂದರೆ ಬಿಸಿ, ಆದಕಾರಣ ಒಳಗೆಲ್ಲ ಬಿಸಿಯಿದ್ದರಾಯಿತು ಎಂಬುದು. 1897ರಲ್ಲಿ ಗ್ರೆಗರಿ ಬೇಟ್ಮನ್ ಎಂಬ ಪಾದ್ರಿಯು ಬರೆದ ‘ದಿ ವಿವೇರಿಯಂ’ ಎಂಬ ಪುಸ್ತಕವು ಇಂಗ್ಲೆಂಡಿನ ಗೃಹಸ್ಥರಿಗೆ ಇದೇ ವಿದ್ಯೆಯನ್ನು ಮನೆಯ ಮಟ್ಟಿಗೆ ಇಳಿಸಿಕೊಟ್ಟಿತು. ಆ ಕಾಲದ ಗಾಜಿನ ಪೆಟ್ಟಿಗೆಗಳಲ್ಲಿ ಕೆಳಗಿನ ನೀರಿನ ತೊಟ್ಟಿಯನ್ನು ದೀಪದ ಉರಿಯಿಂದ ಕಾಯಿಸುವುದು ವಾಡಿಕೆಯಾಗಿತ್ತು. ಗಿಡಕ್ಕೆ ಈ ಸಮಶಾಖವು ಒಗ್ಗುತ್ತದೆ, ಏಕೆಂದರೆ ಗಿಡವು ನಡೆಯುವುದಿಲ್ಲ. ಹಲ್ಲಿಯು ನಡೆಯುತ್ತದೆ, ಮತ್ತು ನಡೆಯುವುದರಿಂದಲೇ ಬದುಕುತ್ತದೆ. ಹಗಲಿರುಳೂ ಮೂಲೆಮೂಲೆಯಲ್ಲಿಯೂ ಒಂದೇ ಬಿಸಿಯಿರುವ ಮನೆಯಲ್ಲಿ ಅದಕ್ಕೆ ಹೋಗುವ ಎಡೆಯಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೆ ನೇರವಾಗಿ ವಿರುದ್ಧವಾದ ಮತವೊಂದು ತಲೆದೋರಿತು. ಕಾರ್ಲ್ ಹಾಗೆನ್‌ಬೆಕನು 1907ರಲ್ಲಿ ಹ್ಯಾಂಬರ್ಗ್ ಸಮೀಪದ ಸ್ಟೆಲಿಂಗೆನ್ನಿನಲ್ಲಿ ಕಂಬಿಗಳಿಲ್ಲದ, ಕಂದಕಗಳಿಂದ ಸುತ್ತುವರಿದ ಬಯಲಾವರಣಗಳನ್ನು ತೆರೆದನು. ಲಂಡನ್ನಿನಲ್ಲಿ 1903ರಿಂದ 1935ರವರೆಗೆ ಸಂಘದ ಕಾರ್ಯದರ್ಶಿಯಾಗಿದ್ದ ಪೀಟರ್ ಚಾಮರ್ಸ್ ಮಿಚೆಲನು, ಪ್ರಾಣಿಗಳಿಗೆ ಮುಚ್ಚಿದ ಬೆಚ್ಚನೆಯ ಮನೆಗಿಂತ ತೆರೆದ ಗಾಳಿಯೇ ಹಿತವೆಂದು ದೃಢವಾಗಿ ನಂಬಿದವನು. ಅನೇಕ ಸಸ್ತನಿಗಳ ವಿಷಯದಲ್ಲಿ ಅವನ ನಂಬಿಕೆಯು ನಿಜವೆಂದು ಸಿದ್ಧವಾಯಿತು. ಆದರೆ ಲಂಡನ್ನಿನ ಡಿಸೆಂಬರಿನಲ್ಲಿ ಇಗ್ವಾನವನ್ನು ಬಯಲಿಗೆ ಬಿಟ್ಟರೆ ಮರುದಿನ ಮುಂಜಾನೆ ಅದರ ಹೆಣವನ್ನು ಎತ್ತಬೇಕಾಗುತ್ತದೆ. ಹೀಗೆ ಒಂದು ಕಡೆ ಗಾಜಿನ ಮನೆಯ ಪಕ್ಷ, ಇನ್ನೊಂದು ಕಡೆ ಬಯಲಿನ ಪಕ್ಷ. ಈ ಎರಡನ್ನೂ ಬಿಟ್ಟು ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಹಾಕಿದವಳು ಜೋನ್ ಬೀಚಮ್ ಪ್ರಾಕ್ಟರ್. ಈ ಲೇಖನದ ಮುಖ್ಯ ವಿಷಯವೂ ಆಕೆಯ ಕೆಲಸವೇ.

ಪ್ರಾಕ್ಟರಳು 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು. ಹತ್ತು ವರ್ಷದ ಹೊತ್ತಿಗೇ ಹಾವುಹಲ್ಲಿಗಳನ್ನು ಸಾಕುತ್ತಿದ್ದಳು. ಊಟದ ಮೇಜಿನ ಬಳಿ ಹಲ್ಲಿಯೊಂದು ಜೊತೆಗಿರುತ್ತಿತ್ತು. ಹದಿನಾರರ ಪ್ರಾಯದಲ್ಲಿ ಮೊಸಳೆಯ ಮರಿಯೊಂದನ್ನು ಶಾಲೆಗೆ ಕೊಂಡೊಯ್ದಳೆಂಬ ಕತೆಯೂ ಉಂಟು. ಕರುಳಿನ ದೀರ್ಘವ್ಯಾಧಿಯ ದೆಸೆಯಿಂದ ಕೇಂಬ್ರಿಜ್ ವಿಶ್ವವಿದ್ಯಾಲಯದ ವ್ಯಾಸಂಗವು ಆಕೆಗೆ ಒದಗಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಸರೀಸೃಪ ವಿಭಾಗದಲ್ಲಿ ಪ್ರಸಿದ್ಧ ವಿದ್ವಾಂಸನಾದ ಜಾರ್ಜ್ ಆಲ್ಬರ್ಟ್ ಬೂಲೆಂಜರನ ಕೈಕೆಳಗೆ 1916ರಿಂದ ಕೆಲಸ ಮಾಡಿ, 1920ರಲ್ಲಿ ಅವನು ನಿವೃತ್ತನಾದಾಗ ಆ ವಿಭಾಗದ ಹೊಣೆಯನ್ನು ಹೊತ್ತಳು. ಪದವಿಯಿಲ್ಲದ ಒಬ್ಬ ಯುವತಿಯು ಸೀಸೆಗಳ ನಡುವೆ ಕಲಿತ ವಿದ್ಯೆಯನ್ನು ಜೀವಂತ ಪ್ರಾಣಿಗಳಿಗೆ ಅನ್ವಯಿಸುವ ಅವಕಾಶವು 1923ರಲ್ಲಿ ಬಂದಿತು. ಆ ವರ್ಷ ಪ್ರಾಣಿಶಾಸ್ತ್ರ ಸಂಘವು ಆಕೆಯನ್ನು ಸರೀಸೃಪಗಳ ಮೇಲ್ವಿಚಾರಕಳನ್ನಾಗಿ ನೇಮಿಸಿತು. 1924ರಲ್ಲಿ ತೆರೆದ ಮತ್ಸ್ಯಾಲಯದ ತೊಟ್ಟಿಗಳ ಬಂಡೆಗೆಲಸ, ಹಿನ್ನೆಲೆಗಳ ವಿನ್ಯಾಸಗಳು ಆಕೆಯವು.

1927ರಲ್ಲಿ ತೆರೆದ ಮೂರನೆಯ ಸರೀಸೃಪಗೃಹವು ಆಕೆಯ ಯೋಜನೆಯಂತೆ ಕಟ್ಟಿದುದು. ಅದರ ವಿಶೇಷಗಳು ಮೂರು. ಶಾಖವನ್ನು ವಿದ್ಯುತ್ತಿನಿಂದ, ಕೋಣೆ ಕೋಣೆಗೂ ಬೇರೆ ಬೇರೆಯಾಗಿ ಒದಗಿಸುವ ಏರ್ಪಾಟು ಅದರಲ್ಲಿತ್ತು. ಇಡೀ ಕಟ್ಟಡವನ್ನು ಒಂದೇ ಬಿಸಿಯಲ್ಲಿಡುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಪ್ರಾಣಿಯು ಮೈಕಾಯಿಸಿಕೊಳ್ಳುವ ಎಡೆ ಬಿಸಿಯಾಗಿಯೂ ಉಳಿದುದು ತಂಪಾಗಿಯೂ ಇರುವಂತೆ ಮಾಡಲಾಯಿತು. ಬೆಳಕನ್ನು ಮತ್ಸ್ಯಾಲಯದ ರೀತಿಯಲ್ಲಿ ಪ್ರಾಣಿಯ ಕಡೆಗಿಟ್ಟು ನೋಡುವವರನ್ನು ಮಬ್ಬಿನಲ್ಲಿ ನಿಲ್ಲಿಸಿದುದು ಎರಡನೆಯದು. ಮೂರನೆಯದು ಗಾಜು: ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯದೆ ಒಳಕ್ಕೆ ಬಿಡತಕ್ಕ ‘ವೀಟಾ’ ಗಾಜೆಂಬ ಹೊಸ ಸರಕು.

ಈ ಗಾಜಿನ ವಿಷಯದಲ್ಲಿ ಸ್ವಲ್ಪ ನಿಂತು ನೋಡುವುದು ಅಗತ್ಯ. ಮಕ್ಕಳ ಮೂಳೆಗಳು ಮೆತುವಾಗಿ ಬಾಗುವ ರಿಕೆಟ್ಸ್ ರೋಗವು ಅತಿನೇರಳೆ ಕಿರಣಗಳಿಂದ ಗುಣವಾಗುವುದನ್ನು ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿಯು 1919ರಲ್ಲಿ ತೋರಿಸಿಕೊಟ್ಟನು. ಸಾಮಾನ್ಯವಾದ ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಬಿಸಿಯನ್ನು ಹಿಡಿದಿಡುತ್ತದೆ. ಆದರೆ ಚರ್ಮದಲ್ಲಿ ‘ಡಿ’ ಜೀವಸತ್ತ್ವವನ್ನು ಹುಟ್ಟಿಸುವ ಕಿರಣಗಳನ್ನು ತಡೆದುಬಿಡುತ್ತದೆ. ಎಂದರೆ 1849ರಿಂದ ಎಪ್ಪತ್ತೈದು ವರ್ಷಗಳಿಗೂ ಮೇಲೆ ಯಾವ ಗಾಜು ಸರೀಸೃಪಗಳ ರಕ್ಷಕನೆನಿಸಿತ್ತೋ ಅದೇ ಅವುಗಳ ಮೂಳೆಗಳನ್ನು ಕೆಡಿಸುತ್ತಿತ್ತು. ಕಣ್ಣಿಗೆ ಬಿಸಿಲಾಗಿ ಕಾಣುವುದು ಮೈಗೆ ಬಿಸಿಲಲ್ಲವೆಂಬ ಈ ವಿಚಿತ್ರವನ್ನು ಮನುಷ್ಯಶಿಶುಗಳ ವೈದ್ಯದಿಂದ ಹಲ್ಲಿಗಳ ಮನೆಗೆ ಕೆಲವೇ ವರ್ಷಗಳಲ್ಲಿ ತಂದುದು ಸಾಮಾನ್ಯವಾದ ಬುದ್ಧಿಯಲ್ಲ. ವೀಟಾ ಗಾಜಿಗೂ ದೋಷವಿತ್ತು. ಬಿಸಿಲಿಗೆ ಒಡ್ಡಿದಷ್ಟೂ ಅದರ ಪಾರಕಶಕ್ತಿಯು ಕುಂದುತ್ತ ಹೋಗುತ್ತಿತ್ತು. ಆದರೂ ಪ್ರಶ್ನೆಯು ಸರಿಯಾದ ಪ್ರಶ್ನೆಯೆಂಬುದರಲ್ಲಿ ಸಂದೇಹವಿಲ್ಲ.

ಅದೇ 1927ರಲ್ಲಿ ಕೊಮೋಡೊ ದ್ವೀಪದ ಮಹಾಉಡಗಳೆರಡು ಲಂಡನ್ನಿಗೆ ಬಂದುವು. ಶಾಸ್ತ್ರಜ್ಞರ ಗಮನಕ್ಕೆ ಈ ಜಾತಿಯು 1912ರಲ್ಲಿಯಷ್ಟೇ ಬಂದಿದ್ದಿತು. ಅದು ಭಯಂಕರವಾದ ಕ್ರೂರಮೃಗವೆಂದೇ ಪ್ರತೀತಿ. 1928ರ ಅಕ್ಟೋಬರಿನಲ್ಲಿ ಸಂಘದ ವಿದ್ವತ್ಸಭೆಯ ಮುಂದೆ ಪ್ರಾಕ್ಟರಳು ‘ಸುಂಬಾವ’ ಎಂಬ ಹೆಸರಿನ ಪ್ರಾಣಿಯನ್ನು ಮೇಜಿನ ಮೇಲೆ ನಡೆಸಿದಳು. ಅದು ಆಕೆಯ ಕೈಯಿಂದಲೇ ಕೋಳಿಯನ್ನೂ ಮೊಟ್ಟೆಗಳನ್ನೂ ತಿಂದಿತು, ನುಂಗುತ್ತಿರುವಾಗಲೂ ಮೈಸವರಿಸಿಕೊಂಡಿತು. ಈ ಪ್ರಸಂಗವನ್ನು ಜೀವನಚರಿತ್ರಕಾರರು ಸಾಹಸದ ಕತೆಯಾಗಿ ಹೇಳುವುದುಂಟು. ನಮಗಾದರೋ ಅದು ಕಟ್ಟಡದ ಗುಣಕ್ಕೆ ಸಾಕ್ಷಿಯಾಗಿ ತೋರುತ್ತದೆ. ಚಳಿಯಿಂದ ಕುಗ್ಗಿದ, ರೋಗದಿಂದ ನರಳುವ ಪ್ರಾಣಿಯು ಹೀಗೆ ವರ್ತಿಸಲಾರದು. ಇಂಗ್ಲೆಂಡಿನ ಅಕ್ಟೋಬರಿನಲ್ಲಿ ಉಷ್ಣವಲಯದ ದೊಡ್ಡ ಉಡವೊಂದು ಹಸಿವಿನಿಂದಲೂ ಲವಲವಿಕೆಯಿಂದಲೂ ಇದ್ದುದಕ್ಕೆ ಪಳಗಿಸಿದವಳ ಕೈಗುಣದಷ್ಟೇ ಆಕೆ ಕಟ್ಟಿಸಿದ ಮನೆಯೂ ಕಾರಣ.

ವಾಸ್ತುಶಿಲ್ಪದ ಗ್ರಂಥಗಳಲ್ಲಿ ಈ ಕಟ್ಟಡದೊಡನೆ ಗೈ ಡಾಬರನ ಹೆಸರು ಬರುತ್ತದೆ. ಅವನು ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ. ಹೊರರೂಪವು ಅವನದೆಂಬುದು ನಿರ್ವಿವಾದ. ಆದರೆ ಇಂಥ ಮನೆಯಲ್ಲಿ ಹೊರಗೋಡೆಯು ಗೌಣ. ಶಾಖವು ಎಲ್ಲಿಂದ ಬಂದು ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು ಎಂಬುದನ್ನು ಯಾರು ನಿರ್ಧರಿಸಿದರೋ ಅವರೇ ಕಟ್ಟಿದವರು. ಆ ದೃಷ್ಟಿಯಿಂದ ಈ ಕೃತಿಯನ್ನು ಪ್ರಾಕ್ಟರಳ ಹೆಸರಿನಲ್ಲಿಯೇ ಬರೆಯುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಷಿಕಾಗೊ ವಿಶ್ವವಿದ್ಯಾಲಯವು 1931ರಲ್ಲಿ ಆಕೆಗೆ ಗೌರವ ಡಾಕ್ಟರೇಟನ್ನು ನೀಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ಪ್ರಾಕ್ಟರಳು ಕೈಯಿಂದ ಮಾಡಿದುದಕ್ಕೆ ಶಾಸ್ತ್ರದ ಸಮರ್ಥನೆಯು ದೊರೆತುದು ಹದಿನೇಳು ವರ್ಷಗಳ ಮೇಲೆ. ಅಮೆರಿಕದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬವರು ಮರುಭೂಮಿಯ ಸರೀಸೃಪಗಳ ಮೈಶಾಖವನ್ನು ಅಳೆದು 1944ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಹಲ್ಲಿಗಳು ಸುತ್ತಣ ಗಾಳಿಯ ಬಿಸಿಯನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಬಿಸಿಲಿಗೆ ಬಂದು, ನೆರಳಿಗೆ ಸರಿದು, ಮೈಯನ್ನು ಅಡ್ಡವಾಗಿಯೋ ನೇರವಾಗಿಯೋ ಒಡ್ಡಿ, ಎಚ್ಚರವಾಗಿರುವ ಹೊತ್ತಿನಲ್ಲಿ ತಮ್ಮ ಮೈಶಾಖವನ್ನು ಕಿರಿದಾದ ಮಿತಿಯೊಳಗೆ ಕಾಯ್ದುಕೊಳ್ಳುತ್ತವೆಂದು ಅವರು ತೋರಿಸಿದರು. ‘ಶೀತರಕ್ತ’ವೆಂಬ ಹಳೆಯ ಮಾತು ಅಂದಿಗೆ ಸಡಿಲವಾಯಿತು, ನಡುಹಗಲಿನ ಇಗ್ವಾನದ ನೆತ್ತರು ಹೆಚ್ಚುಕಡಿಮೆ ನಮ್ಮ ನೆತ್ತರಿನಷ್ಟೇ ಬೆಚ್ಚಗಿರುತ್ತದೆ. ಎಲೆ ತಿನ್ನುವ ಹಲ್ಲಿಗೆ ಈ ಬಿಸಿಯು ಇನ್ನೂ ಅವಶ್ಯ. ಕ್ಯಾಥರೀನ್ ಟ್ರಾಯರಳು 1982ರಲ್ಲಿ ತಿಳಿಸಿದಂತೆ ಇಗ್ವಾನದ ಮರಿಗಳು ದೊಡ್ಡವುಗಳ ಮಲವನ್ನು ತಿಂದು ಹುದುಗುವಿಕೆಯ ಸೂಕ್ಷ್ಮಜೀವಿಗಳನ್ನು ಪಡೆದುಕೊಳ್ಳುತ್ತವೆ. ಕರುಳಿನಲ್ಲಿ ಆ ಜೀವಿಗಳು ಎಲೆಯ ನಾರನ್ನು ಅರಗಿಸುತ್ತವೆ. ಹಿಟ್ಟು ಹುಳಿಯಾಗಲು ಹವೆ ಬೇಕಾಗುವಂತೆ ಈ ಕೆಲಸಕ್ಕೂ ಶಾಖ ಬೇಕು. ತಣ್ಣನೆಯ ಮನೆಯಲ್ಲಿರುವ ಇಗ್ವಾನಕ್ಕೆ ಎಷ್ಟು ಸೊಪ್ಪು ಹಾಕಿದರೂ ಅದು ಆಹಾರವಾಗುವುದಿಲ್ಲ. ಒವಿಯೇದೊವಿನ ಪೀಪಾಯಿಯಲ್ಲಿ ಮಣ್ಣಿನ ಬದಲು ಹಸಿರೆಲೆಯೇ ಇದ್ದಿದ್ದರೂ ಅಟ್ಲಾಂಟಿಕ್ ಸಮುದ್ರದ ಚಳಿಯಲ್ಲಿ ಫಲವು ಪ್ರಾಯಶಃ ಬೇರೆಯಾಗುತ್ತಿರಲಿಲ್ಲ.

1990ರ ದಶಕದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಇಗ್ವಾನದ ಮರಿಗಳು ವರ್ಷಕ್ಕೆ ಲಕ್ಷಗಟ್ಟಲೆ ಆಮದಾದುವು. ಅಂಗೈಯಗಲದ ಹಸಿರು ಮರಿಯನ್ನು ಸಣ್ಣ ಗಾಜಿನ ತೊಟ್ಟಿಯೊಡನೆ ಕೊಂಡುಹೋದವರಿಗೆ ಕೆಲವು ವರ್ಷಗಳಲ್ಲಿ ಕೋಣೆಯಗಲದ ಪ್ರಾಣಿಯು ಎದುರಾಯಿತು. ಬಿಸಿಲು ಕಾಣದ ಸಾವಿರಾರು ಮರಿಗಳ ದವಡೆ, ಕಾಲುಮೂಳೆಗಳು ಮೆತುವಾಗಿ ಬಾಗಿದುವು. 1919ರ ಬರ್ಲಿನ್ನಿನ ಪಾಠವನ್ನು ಅಂಗಡಿಗಳು ಹೇಳಿರಲಿಲ್ಲ. ಬದುಕಿ ಬೆಳೆದವುಗಳನ್ನು ಹಿತ್ತಿಲಿನಲ್ಲಿ ವರ್ಷವಿಡೀ ಇಡುವ ಉಪಾಯವನ್ನು ಬೆಚ್ಚನೆಯ ಸೀಮೆಗಳ ಕೆಲವು ಸಾಕಣೆಗಾರರು ಕಂಡುಕೊಂಡರು. ಇದು ಎರಡು ಅಂಕಣದ ಮನೆ. ಒಂದು, ಗಾಜಿಲ್ಲದೆ ಬರಿಯ ತಂತಿಬಲೆಯಿಂದ ಮಾಡಿದ, ಆಳೆತ್ತರವನ್ನು ಮೀರಿದ ಬಯಲು ಪಂಜರ. ಒಳಗೆ ಮೈಯಗಲದ ಕೊಂಬೆಗಳು, ನೀರಿನ ತೊಟ್ಟಿ, ಒಂದು ಪಕ್ಕಕ್ಕೆ ತಪ್ಪದ ನೆರಳು. ಇನ್ನೊಂದು, ಅದಕ್ಕೆ ಅಂಟಿಕೊಂಡಂತೆ ದಪ್ಪಗೋಡೆಯ ಸಣ್ಣ ಇರುಳುಗೂಡು. ಅಲ್ಲಿ ಬೆಳಕಿಲ್ಲದ ವಿದ್ಯುತ್ ಶಾಖ, ಅದನ್ನು ಮಿತಿಯಲ್ಲಿಡುವ ನಿಯಂತ್ರಕ, ಪ್ರಾಣಿಯು ತಾನೇ ತಳ್ಳಿಕೊಂಡು ಹೋಗಿಬರುವ ಜೋಲುಬಾಗಿಲು. ಬಲೆಯ ಮೂಲಕ ಸೂರ್ಯನ ಕಿರಣಗಳು ಇಡಿಯಾಗಿ ಬರುತ್ತವೆ. ವೀಟಾ ಗಾಜಿನ ತೊಡಕೇ ಇಲ್ಲ. ಮಿಚೆಲನ ಬಯಲೂ ತೋಟಗಾರನ ಬೆಚ್ಚನೆಯ ಮನೆಯೂ ಇಲ್ಲಿ ಅಕ್ಕಪಕ್ಕದಲ್ಲಿವೆ; ಎರಡರ ನಡುವಣ ಆಯ್ಕೆಯು ಹಲ್ಲಿಯದು. ಇದನ್ನು ಕಟ್ಟಿದ ಬಡಗಿಗಳು ಪ್ರಾಕ್ಟರಳ ಹೆಸರನ್ನು ಕೇಳಿರಲಿಕ್ಕಿಲ್ಲ.

ಇರುಳುಗೂಡಿಲ್ಲದ ಬಯಲು ಏನಾಗುತ್ತದೆಂಬುದಕ್ಕೆ ಫ್ಲಾರಿಡ ಪ್ರಾಂತ್ಯವೇ ನಿದರ್ಶನ. ತಪ್ಪಿಸಿಕೊಂಡ, ಬೇಡವೆಂದು ಬಿಟ್ಟ ಇಗ್ವಾನಗಳು ಅಲ್ಲಿ 1960ರ ದಶಕದಿಂದ ಕಾಡಿನಲ್ಲಿಯೇ ಸಂತಾನವನ್ನು ಬೆಳೆಸಿಕೊಂಡಿದ್ದುವು. 2010ರ ಜನವರಿಯಲ್ಲಿ ಹಲವು ದಿನಗಳ ಕಾಲ ಬಿದ್ದ ಕಡುಚಳಿಗೆ ಅವು ಮೈಮರಗಟ್ಟಿ ಮರಗಳಿಂದ ಉದುರಿದುವು. ಅನೇಕವು ಸತ್ತುವು, ಬಿಲಗಳಲ್ಲಿ ಅಡಗಿದ್ದ ಎಷ್ಟೋ ಉಳಿದುವು. ನೆಲದಡಿಯ ಬಿಲವೇ ಅವಕ್ಕೆ ಇರುಳುಗೂಡಾಯಿತು. ಉಳಿದವುಗಳ ಸಂತತಿಯು ಹೆಚ್ಚಿ, 2021ರಲ್ಲಿ ಅಲ್ಲಿಯ ಅಧಿಕಾರಿಗಳು ಇಗ್ವಾನವನ್ನು ನಿಷಿದ್ಧ ಪ್ರಾಣಿಗಳ ಪಟ್ಟಿಗೆ ಸೇರಿಸಿದರು.

ಗ್ರ್ಯಾಂಡ್ ಕೇಮನ್ ದ್ವೀಪದ ನೀಲಿ ಇಗ್ವಾನದ ಕತೆಯು ಇದಕ್ಕೆ ತಿರುಗುಮುರುಗು. ಅಲ್ಲಿ ಚಳಿಯ ಭಯವಿಲ್ಲ. ಬಯಲಾವರಣಕ್ಕೆ ಗೂಡು ನೆಪಮಾತ್ರ. 2002ರ ಹೊತ್ತಿಗೆ ಕಾಡಿನಲ್ಲಿ ಹತ್ತರಿಂದ ಇಪ್ಪತ್ತೈದು ಮಾತ್ರ ಉಳಿದಿದ್ದ ಈ ಜಾತಿಯನ್ನು ದ್ವೀಪದ ಸಸ್ಯೋದ್ಯಾನದ ಆವರಣಗಳಲ್ಲಿ ಮರಿಮಾಡಿಸಿ, ದೊಡ್ಡವಾದ ಮೇಲೆ ಕಾಡಿಗೆ ಬಿಡುವ ಕೆಲಸವು ನಡೆಯಿತು. 2008ರ ಮೇ ತಿಂಗಳಿನ ಒಂದು ರಾತ್ರಿ ಯಾರೋ ಆವರಣವನ್ನು ಹೊಕ್ಕು ಬೆಳೆದ ಇಗ್ವಾನಗಳಲ್ಲಿ ಕೆಲವನ್ನು ಕೊಂದುಹಾಕಿದರು. ಪ್ರಾಣಿಯನ್ನು ಒಳಗಿಡುವುದಕ್ಕಾಗಿ ಕಟ್ಟಿದ ಬೇಲಿಯು ಮನುಷ್ಯನನ್ನು ಹೊರಗಿಡಲೂ ಬೇಕೆಂಬುದನ್ನು ಯಾವ ಪ್ರಾಣಿಗೃಹದ ಗ್ರಂಥವೂ ಅಷ್ಟು ಒತ್ತಿ ಹೇಳಿರಲಿಲ್ಲ. ಕೆಲಸವು ನಿಲ್ಲಲಿಲ್ಲ. 2012ರಲ್ಲಿ ಈ ಜಾತಿಯನ್ನು ಅತ್ಯಂತ ಅಪಾಯದ ವರ್ಗದಿಂದ ಒಂದು ಮೆಟ್ಟಿಲು ಕೆಳಗಿಳಿಸಲಾಯಿತು. 2018ರಲ್ಲಿ ಸಾವಿರದ ಸಂಖ್ಯೆಯ ಇಗ್ವಾನವು ಕಾಡನ್ನು ಸೇರಿತು.

ಲಂಡನ್ನಿನ 1883ರ ಮನೆಯು 1927ರ ಬಳಿಕ ಪಕ್ಷಿಗಳ ಪಾಲಾಯಿತು. ಪ್ರಾಕ್ಟರಳ ಮನೆಯು ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಸರೀಸೃಪಗಳಿಗೆ ಆಶ್ರಯವಾಗಿದ್ದು, 2024ರಲ್ಲಿ ಅದೇ ಉದ್ಯಾನದೊಳಗೆ ತೆರೆದ ಹೊಸ ಗೃಹಕ್ಕೆ ಎಡೆಗೊಟ್ಟಿತು. ಹಳೆಯ ಮನೆಯಲ್ಲಿ, ಜಾರ್ಜ್ ಅಲೆಕ್ಸಾಂಡರನು ಕಡೆದ ಆಕೆಯ ಅಮೃತಶಿಲೆಯ ಮುಖಪ್ರತಿಮೆಯನ್ನು ಇರಿಸಿದ್ದರು.